ಎರಡು ನದಿಗಳ ನಡುವೆ ನಿಂತ ಧರ್ಮಗುರು

ಕೆನಡಾ ದೇಶದ ಪಶ್ಚಿಮದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಕೆನಾಲ್ ಫ್ಲಾಟ್ಸ್ ಎಂಬ ಪುಟ್ಟ ಹಳ್ಳಿಯೊಂದಿದೆ. ಪೂರ್ವಕ್ಕೆ ರಾಕಿ ಪರ್ವತಶ್ರೇಣಿ, ಪಶ್ಚಿಮಕ್ಕೆ ಪರ್ಸೆಲ್ ಪರ್ವತಶ್ರೇಣಿ. ಇವೆರಡರ ನಡುವಣ ನೀಳವಾದ ಕಣಿವೆಯಲ್ಲಿ, ಕೊಲಂಬಿಯಾ ಸರೋವರದ ದಕ್ಷಿಣ ತುದಿಯಲ್ಲಿ ಈ ಹಳ್ಳಿ ನೆಲೆಗೊಂಡಿದೆ. ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಭೂಪಟದಲ್ಲಿ ಹುಡುಕಿದರೂ ಸುಲಭವಾಗಿ ಕಣ್ಣಿಗೆ ಬೀಳದ ಊರು ಇದು. ಆದರೂ ಸೃಷ್ಟಿಕರ್ತನು ಇಲ್ಲಿ ಒಂದು ಅಚ್ಚರಿಯನ್ನು ಇರಿಸಿದ್ದಾನೆ.

ಹಳ್ಳಿಯ ಉತ್ತರಕ್ಕಿರುವ ಸರೋವರದಲ್ಲಿ ಕೊಲಂಬಿಯಾ ಎಂಬ ಮಹಾನದಿಯು ಜನ್ಮ ತಾಳುತ್ತದೆ. ಅಲ್ಲಿಂದ ಕೇವಲ ಎರಡು ಕಿಲೋಮೀಟರುಗಳಷ್ಟು ದೂರದಲ್ಲಿ ಕೂಟನೇ ಎಂಬ ಇನ್ನೊಂದು ನದಿ ಹರಿದುಹೋಗುತ್ತದೆ. ಒಂದು ಉತ್ತರಾಭಿಮುಖವಾಗಿಯೂ ಇನ್ನೊಂದು ದಕ್ಷಿಣಾಭಿಮುಖವಾಗಿಯೂ ಸಾಗುತ್ತವೆ. ಇಷ್ಟು ಸಮೀಪ ಬಂದೂ ಪರಸ್ಪರ ಕೂಡದೆ ಬೇರ್ಪಟ್ಟ ಈ ನದಿಗಳು ನೂರಾರು ಕಿಲೋಮೀಟರು ಸುತ್ತಿ, ಕಟ್ಟಕಡೆಗೆ ಕ್ಯಾಸಲ್‌ಗಾರ್ ಎಂಬಲ್ಲಿ ಸಂಗಮಿಸುತ್ತವೆ. ಇವೆರಡನ್ನೂ ಹಳ್ಳಿಯ ಬಳಿಯೇ ಕೂಡಿಸಲು ಬೇಲಿ-ಗ್ರೋಮನ್ ಎಂಬ ಸಾಹಸಿಯು 1889ರಲ್ಲಿ ಒಂದು ಕಾಲುವೆಯನ್ನು ತೋಡಿಸಿದನು. ಆ ಕಾಲುವೆಯಲ್ಲಿ ಉಗಿಹಡಗು ಸಾಗಿದ್ದು ಎರಡೇ ಬಾರಿ, 1894ರಲ್ಲಿ ಮತ್ತು 1902ರಲ್ಲಿ. ಹಳ್ಳಿಗೆ ಹೆಸರು ದೊರಕಿತು. ನದಿಗಳು ಮಾತ್ರ ಕೂಡಲಿಲ್ಲ.

ಕಾಲುವೆಯನ್ನು ತೋಡುವುದಕ್ಕೆ ನಾಲ್ಕು ದಶಕಗಳಿಗೂ ಮೊದಲು, 1845ನೆಯ ಇಸವಿ ಸೆಪ್ಟೆಂಬರ್ 4ರಂದು, ನದಿಗಳನ್ನಲ್ಲ, ಮನುಷ್ಯರನ್ನು ಕೂಡಿಸಬೇಕೆಂಬ ಹಂಬಲದಿಂದ ಧರ್ಮಗುರುವೊಬ್ಬರು ಈ ಸರೋವರ ಪ್ರದೇಶವನ್ನು ತಲುಪಿದರು. ಅವರೇ ಯೇಸುಸಭೆಯ ವಂದನೀಯ ಪಿಯೆರ್-ಜಾನ್ ದೆ ಸ್ಮೆಟ್. ಅವರ ಜೀವನವನ್ನು ನಾವು ಸ್ಮರಿಸಹೊರಟಿರುವುದು ಕೇವಲ ಸಾಹಸದ ಕಥೆಯೆಂದಲ್ಲ. ಮಾತು ಕೊಡುವವನ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಅವರ ಬಾಳು ನಮ್ಮ ಮುಂದಿಡುತ್ತದೆ.

ದೆ ಸ್ಮೆಟ್ ಅವರು 1801ರ ಜನವರಿ 30ರಂದು ಇಂದಿನ ಬೆಲ್ಜಿಯಮ್ ದೇಶದ ಡೆಂಡರ್‌ಮೊಂಡೆ ಎಂಬ ಪಟ್ಟಣದಲ್ಲಿ ಜನಿಸಿದರು. ದಷ್ಟಪುಷ್ಟ ಶರೀರ, ನಗೆಮೊಗ, ಹಟದ ಸ್ವಭಾವ. ಮೆಕೆಲೆನ್ ನಗರದ ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅಮೆರಿಕಾದಿಂದ ಬಂದಿದ್ದ ಮಿಷನರಿ ನೆರಿಂಕ್ಸ್ ಸ್ವಾಮಿಗಳ ಮಾತಿಗೆ ಅವರು ಮನಸೋತರು. 1821ರಲ್ಲಿ ತಂದೆಗೂ ತಿಳಿಸದೆ ಹಡಗು ಹತ್ತಿದರು. ಮೇರಿಲ್ಯಾಂಡಿನಲ್ಲಿ ಯೇಸುಸಭೆಯನ್ನು ಸೇರಿ, 1823ರಲ್ಲಿ ಮಿಸೌರಿಯ ಫ್ಲೋರಿಸೆಂಟ್ ಎಂಬಲ್ಲಿಗೆ ಬಂದು, 1827ರಲ್ಲಿ ಗುರುದೀಕ್ಷೆಯನ್ನು ಪಡೆದರು.

ಇಂಥವರ ಬಾಳಿನಲ್ಲಿಯೂ ಕತ್ತಲೆಯ ದಿನಗಳಿದ್ದವು. ಅನಾರೋಗ್ಯದ ನಿಮಿತ್ತ 1833ರಲ್ಲಿ ಅವರು ಯೂರೋಪಿಗೆ ಮರಳಿದರು. ಬಳಿಕ ಯೇಸುಸಭೆಯನ್ನೇ ತೊರೆದರು. ಮತ್ತೆ ಅಮೆರಿಕಾಕ್ಕೆ ಬಂದು 1837ರಲ್ಲಿ ಪುನಃ ಸಭೆಯನ್ನು ಸೇರಿದರು. ಒಮ್ಮೆ ಕೈಬಿಟ್ಟುದನ್ನು ಮರಳಿ ಕೈಗೆತ್ತಿಕೊಂಡವರು ಅದನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತಾರೆಂಬುದನ್ನು ನಾವು ಲೋಕದಲ್ಲಿ ಕಂಡಿದ್ದೇವೆ. ಮುಂದಿನ ಮೂವತ್ತಾರು ವರ್ಷಗಳ ಕಾಲ ಅವರು ಹಿಂದಿರುಗಿ ನೋಡಲಿಲ್ಲ.

ಆ ಕಾಲದಲ್ಲಿ ರಾಕಿ ಪರ್ವತಗಳ ಪಶ್ಚಿಮಕ್ಕೆ, ಇಂದಿನ ಮೊಂಟಾನಾದಲ್ಲಿ, ಸಾಲಿಶ್ ಎಂಬ ಮೂಲನಿವಾಸಿಗಳು ವಾಸಿಸುತ್ತಿದ್ದರು. ಹೊರಗಿನವರು ಅವರನ್ನು ಫ್ಲಾಟ್‌ಹೆಡ್ ಎಂದು ಕರೆಯುತ್ತಿದ್ದರು. ಪೂರ್ವದಿಂದ ಬಂದು ಅವರ ನಡುವೆ ನೆಲೆಸಿದ್ದ ಇರೊಕ್ವಾ ಬೇಟೆಗಾರರಿಂದ ಅವರು ಕ್ರೈಸ್ತ ವಿಶ್ವಾಸದ ವಿಷಯವನ್ನೂ ಕಪ್ಪುನಿಲುವಂಗಿಯ ಗುರುಗಳ ವಿಷಯವನ್ನೂ ಕೇಳಿದ್ದರು. ಅಂತಹ ಗುರುವೊಬ್ಬರನ್ನು ಕರೆತರುವುದಕ್ಕಾಗಿ 1831ರಿಂದ 1839ರವರೆಗೆ ನಾಲ್ಕು ನಿಯೋಗಗಳು ಸಾವಿರಾರು ಕಿಲೋಮೀಟರು ದೂರದ ಸೇಂಟ್ ಲೂಯಿಸ್ ನಗರದತ್ತ ಹೊರಟವು. ಮೊದಲನೆಯ ನಿಯೋಗದಲ್ಲಿ ಇಬ್ಬರು ಆ ನಗರದಲ್ಲಿಯೇ ಅಸುನೀಗಿದರು. 1837ರ ನಿಯೋಗದವರು ದಾರಿಯಲ್ಲಿಯೇ ಹತರಾದರು. ಆದರೂ 1839ರಲ್ಲಿ ಮತ್ತಿಬ್ಬರು ಹೊರಟರು. ಗುರುವಿಲ್ಲದ ಊರಿನಲ್ಲಿ ಗುರುವಿಗಾಗಿ ಪ್ರಾಣವನ್ನು ಪಣಕ್ಕಿಟ್ಟ ಈ ಜನರನ್ನು ನೆನೆದಾಗ, ಗುಡಿಯ ಗಂಟೆ ಕಿವಿಗೆ ಕೇಳುತ್ತಿದ್ದರೂ ಭಾನುವಾರ ಮಲಗಿರುವ ನಮಗೆ ನಾಚಿಕೆಯಾಗಬೇಕು.

ಅವರ ಕರೆಗೆ ಓಗೊಟ್ಟವರೇ ದೆ ಸ್ಮೆಟ್. 1840ರಲ್ಲಿ ಪರ್ವತಗಳನ್ನು ಸೇರಿ, ಆ ವರ್ಷದ ಜುಲೈ 5ರಂದು ಗ್ರೀನ್ ನದಿಯ ಬಳಿಯಲ್ಲಿ ಬಯಲಿನಲ್ಲಿಯೇ ದಿವ್ಯಬಲಿಪೂಜೆಯನ್ನು ಅರ್ಪಿಸಿದರು. ಮರುವರ್ಷ ಸಂಗಡಿಗರೊಂದಿಗೆ ಮರಳಿ ಬಂದು, ಬಿಟರ್‌ರೂಟ್ ಕಣಿವೆಯಲ್ಲಿ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಮಿಷನ್ ಕೇಂದ್ರವನ್ನು ಸ್ಥಾಪಿಸಿದರು. ಜನರು ಜ್ಞಾನಸ್ನಾನ ಪಡೆದರು. ಗೋಧಿ, ಆಲೂಗೆಡ್ಡೆಗಳನ್ನು ಬೆಳೆದರು. ಆದರೆ ಒಂದು ಭಯ ಮಾತ್ರ ಅವರನ್ನು ಬಿಡಲಿಲ್ಲ. ಪೂರ್ವದ ಬಯಲುಗಳಲ್ಲಿದ್ದ ಬ್ಲ್ಯಾಕ್‌ಫುಟ್ ಎಂಬ ಬಲಾಢ್ಯ ಜನಾಂಗದವರು ಅವರ ಹಳೆಯ ವೈರಿಗಳಾಗಿದ್ದರು. ಕಾಡೆಮ್ಮೆಗಳ ಬೇಟೆಗೆ ಹೋದಾಗಲೆಲ್ಲ ರಕ್ತ ಹರಿಯುತ್ತಿತ್ತು. ಈ ವೈರವು ನಿಲ್ಲದೆ ಸುವಾರ್ತೆಯು ಬೇರೂರದೆಂದು ದೆ ಸ್ಮೆಟ್ ಮನಗಂಡರು.

1845ರ ಆಗಸ್ಟಿನಲ್ಲಿ ಅವರು ಹೊರಟದ್ದು ಈ ಬ್ಲ್ಯಾಕ್‌ಫುಟ್ ಜನರನ್ನು ಅರಸಿಕೊಂಡು. ಕೂಟನೇ ನದಿಯ ಜಾಡಿನಲ್ಲಿ ಉತ್ತರಕ್ಕೆ ಸಾಗಿ, ಇಂದಿನ ಕೆನಾಲ್ ಫ್ಲಾಟ್ಸ್ ಇರುವ ಸಮತಟ್ಟಾದ ನೆಲವನ್ನು ದಾಟಿ, ಕೊಲಂಬಿಯಾದ ಮೂಲವನ್ನು ತಲುಪಿದರು. ಆ ನಾಡು ಕ್ಟುನಾಹ ಎಂಬ ಮೂಲನಿವಾಸಿಗಳದು; ಕೂಟನೇ ಎಂಬ ನದಿಯ ಹೆಸರು ಅವರಿಂದಲೇ ಬಂದುದು. ಕೆನಡಾ ಮತ್ತು ಅಮೆರಿಕಾಗಳ ನಡುವೆ ಅಲ್ಲಿ ಆಗಿನ್ನೂ ಗಡಿಯೆಂಬುದೇ ಇರಲಿಲ್ಲ. ಮರುವರ್ಷ, 1846ರಲ್ಲಿ, ದೂರದ ರಾಜಧಾನಿಗಳಲ್ಲಿ ಕುಳಿತವರು ಕಾಗದದ ಮೇಲೆ ಗೆರೆಯೊಂದನ್ನು ಎಳೆದರು. ಆ ಗೆರೆಯ ಎರಡೂ ಕಡೆ ಕ್ಟುನಾಹ ಜನರು ಹಂಚಿಹೋದರು. ಈ ವಿಷಯದಲ್ಲಿ ಅವರನ್ನು ಕೇಳಿದವರು ಯಾರೂ ಇಲ್ಲ.

ಸರೋವರದ ಬಳಿಯಲ್ಲಿ ಮೊರಿಜೊ ಎಂಬ ಕೆನಡಾದ ಫ್ರೆಂಚ್ ಬೇಟೆಗಾರನು ತನ್ನ ಸಂಸಾರದೊಡನೆ ಹಲವು ವರ್ಷಗಳಿಂದ ವಾಸವಾಗಿದ್ದನು. ಗುರುಮುಖವನ್ನೇ ಕಾಣದೆ ಕಳೆದ ಕಾಲ ಅದು. ದೆ ಸ್ಮೆಟ್ ಅವನ ಪತ್ನಿಗೂ ಮಕ್ಕಳಿಗೂ ಜ್ಞಾನಸ್ನಾನವನ್ನು ನೀಡಿದರು, ದಂಪತಿಗಳ ವಿವಾಹವನ್ನು ಆಶೀರ್ವದಿಸಿದರು, ಬಲಿಪೂಜೆಯನ್ನು ಅರ್ಪಿಸಿದರು. ಇದರ ಸ್ಮರಣಾರ್ಥವಾಗಿ ಆ ಬಯಲಿನಲ್ಲಿ ದೊಡ್ಡದೊಂದು ಶಿಲುಬೆಯನ್ನು ನೆಟ್ಟು, ಅದಕ್ಕೆ ಕನ್ಯಾಮಾತೆಯ ಜನನದ ಬಯಲು ಎಂದು ಹೆಸರಿಟ್ಟರು. ಸೆಪ್ಟೆಂಬರ್ 8, ಮಾತೆಯ ಜನನದ ಹಬ್ಬ. ನಮ್ಮ ಕರಾವಳಿಯ ಮನೆಗಳಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಮನೆಮಂದಿಯೆಲ್ಲ ಕೂಡಿ ಹೊಸತು ಉಣ್ಣುವ ಮೊಂತಿ ಹಬ್ಬವೂ ಅದೇ ದಿನ. ಆ ಹಬ್ಬದ ಹೆಸರೇ ಭೂಮಿಯ ಆಚೆ ಮಗ್ಗುಲಿನ ಹಿಮಗಿರಿಗಳ ಮಡಿಲಲ್ಲಿ ಒಂದು ಬಯಲಿಗೂ ಒದಗಿತೆಂಬುದು ನಮಗೆ ಸಂತೋಷವನ್ನುಂಟುಮಾಡುವ ಸಂಗತಿ.

ಅಲ್ಲಿಂದ ಪೂರ್ವಕ್ಕೆ ಪರ್ವತವನ್ನೇರಿ, ಸೆಪ್ಟೆಂಬರ್ 15ರಂದು ಕಣಿವೆದಾರಿಯ ನೆತ್ತಿಯಲ್ಲಿ ಇನ್ನೊಂದು ಶಿಲುಬೆಯನ್ನು ನೆಟ್ಟರು. ಅದನ್ನು ಶಾಂತಿಯ ಶಿಲುಬೆಯೆಂದು ಕರೆದರು. ಬಳಿಕ ಬ್ಲ್ಯಾಕ್‌ಫುಟ್ ಜನರನ್ನು ಹುಡುಕುತ್ತ ಅಲೆದರು. ದುಭಾಷಿಯು ನಡುದಾರಿಯಲ್ಲಿ ಕೈಬಿಟ್ಟನು. ಶಾಂತಿಯ ಮಾತುಕತೆ ನಡೆಯಲೇ ಇಲ್ಲ. ಚಳಿಗಾಲವನ್ನು ಎಡ್ಮಂಟನ್ ಕೋಟೆಯಲ್ಲಿ ಕಳೆದು, 1846ರ ವಸಂತದಲ್ಲಿ ಹಿಮದ ಮೇಲೆ ನಡೆಯುವ ಪಾದರಕ್ಷೆಗಳನ್ನು ಕಟ್ಟಿಕೊಂಡು ಅಥಬಾಸ್ಕ ಕಣಿವೆದಾರಿಯ ಮೂಲಕ ಮರಳಿದರು. ಸ್ಥೂಲಕಾಯರಾಗಿದ್ದ ಅವರು ಆ ನಡಿಗೆಗಾಗಿ ಮೊದಲೇ ಉಪವಾಸವಿದ್ದು ಮೈಯ ಭಾರವನ್ನು ಇಳಿಸಿಕೊಂಡಿದ್ದರು. ಲೌಕಿಕ ಲೆಕ್ಕದಲ್ಲಿ ಈ ಮಹಾಯಾತ್ರೆ ವಿಫಲವಾಯಿತು.

ಆದರೆ ನಮ್ಮ ಚಿಂತನೆಗೆ ವಸ್ತುವಾಗಬೇಕಾದುದು ಈ ಸೋಲಲ್ಲ; ಇದರ ಬೆನ್ನಲ್ಲೇ ಬಂದ ಗೆಲವು. 1846ರ ಶರತ್ಕಾಲದಲ್ಲಿ ಸಾಲಿಶ್ ಜನರನ್ನು ಜೊತೆಗೂಡಿಕೊಂಡು ದೆ ಸ್ಮೆಟ್ ಬ್ಲ್ಯಾಕ್‌ಫುಟ್ ಪಾಳೆಯವನ್ನು ಸೇರಿದರು. ಶಾಂತಿಯ ಮಾತಾಯಿತು. ಸಹಗುರು ನಿಕೊಲಾಸ್ ಪ್ವಾಂ ಅವರು ಆ ಜನರ ನಡುವೆ ಧರ್ಮಸೇವೆಗೆಂದು ಉಳಿದರು. ಇದು ಸಾಲಿಶ್ ಜನರ ಮನಸ್ಸಿಗೆ ಹೇಗೆ ನಾಟಿರಬಹುದು? ಪ್ರಾಣ ಕೊಟ್ಟು ಕರೆತಂದ ಗುರುಗಳು, ತಮ್ಮ ಪ್ರಾಣ ತೆಗೆಯುತ್ತಿದ್ದವರಿಗೂ ಅದೇ ಬಲವನ್ನು, ಅದೇ ಆಶೀರ್ವಾದವನ್ನು ಹಂಚುತ್ತಿದ್ದರು. ಅವರ ಪ್ರೀತಿ ತಣ್ಣಗಾಯಿತು. ಅವರ ಮನಸ್ಸು ಮುರಿದುದಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದೆಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಬ್ಲ್ಯಾಕ್‌ಫುಟ್ ದಾಳಿಗಳೂ ನಿಲ್ಲಲಿಲ್ಲ. 1850ರಲ್ಲಿ ಬಿಟರ್‌ರೂಟ್ ಕಣಿವೆಯ ಮಿಷನ್ ಮುಚ್ಚಿತು. ಶತ್ರುಗಳನ್ನು ಪ್ರೀತಿಸಿರೆಂಬ ಯೇಸುಸ್ವಾಮಿಯ ಆಜ್ಞೆಯನ್ನು ಪ್ರಸಂಗಪೀಠದಿಂದ ಸಾರುವುದು ಸುಲಭ. ಅದನ್ನು ಕೇಳುತ್ತ ಕುಳಿತವನ ಮನೆಯಲ್ಲಿ ಆ ಶತ್ರುವಿನಿಂದ ಸತ್ತವರಿದ್ದಾಗ ಅದರ ಬೆಲೆ ಬೇರೆ.

ಈ ನಡುವೆ ಮೇಲಧಿಕಾರಿಗಳ ಅಸಮಾಧಾನವೂ ಒದಗಿತು. ದೆ ಸ್ಮೆಟ್ ಅವರ ಪತ್ರಗಳಲ್ಲಿ ಅತಿಶಯೋಕ್ತಿಯಿದೆಯೆಂದೂ, ಅವರು ಮೂಲನಿವಾಸಿಗಳಿಗೆ ಈಡೇರಿಸಲಾಗದಷ್ಟು ಭರವಸೆಗಳನ್ನು ಕೊಟ್ಟಿದ್ದಾರೆಂದೂ ದೂರುಗಳು ರೋಮನ್ನು ಮುಟ್ಟಿದವು. ಅವರನ್ನು ಪರ್ವತಗಳಿಂದ ಹಿಂದಕ್ಕೆ ಕರೆದು, ಸೇಂಟ್ ಲೂಯಿಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಹಚ್ಚಲಾಯಿತು. ಬಯಲುಗಳ ಮೇಲೆ ಕುದುರೆ ಓಡಿಸಿದ ಮನುಷ್ಯನು ಲೆಕ್ಕದ ಪುಸ್ತಕದ ಮುಂದೆ ಕುಳಿತನು. ಅವರು ವಿಧೇಯರಾದರು. ಆದರೆ ಅತಿಯಾಗಿ ಭರವಸೆ ಕೊಟ್ಟರೆಂಬ ಆ ದೂರು ಒಂದು ಮುನ್ಸೂಚನೆಯಾಗಿತ್ತೆಂದು ಇಂದು ನಮಗೆ ತೋರುತ್ತದೆ.

ಏಕೆಂದರೆ ಮುಂದೆ ಅವರನ್ನು ಹುಡುಕಿಕೊಂಡು ಬಂದುದು ಸರ್ಕಾರ. ಮೂಲನಿವಾಸಿಗಳು ಬಿಳಿಯ ಅಧಿಕಾರಿಗಳನ್ನು ನಂಬುತ್ತಿರಲಿಲ್ಲ. ಕಪ್ಪುನಿಲುವಂಗಿಯ ಈ ಗುರುವನ್ನು ನಂಬುತ್ತಿದ್ದರು. 1851ರಲ್ಲಿ ಲಾರಮಿ ಕೋಟೆಯ ಸಮೀಪದಲ್ಲಿ ಸುಮಾರು ಹತ್ತು ಸಾವಿರ ಮೂಲನಿವಾಸಿಗಳು ನೆರೆದ ಮಹಾಸಭೆಯಲ್ಲಿ ದೆ ಸ್ಮೆಟ್ ಉಪಸ್ಥಿತರಿದ್ದು, ಅವರವರ ಸೀಮೆಗಳನ್ನು ಗುರುತಿಸುವ ನಕ್ಷೆಗೆ ನೆರವಾದರು. ಪ್ರತಿವರ್ಷ 50,000 ಡಾಲರುಗಳಂತೆ ಐವತ್ತು ವರ್ಷ ಸಾಮಗ್ರಿಗಳನ್ನು ಕೊಡುವುದಾಗಿ ಒಪ್ಪಂದವಾಯಿತು. ಸೆನೆಟ್ ಸಭೆಯು ಆ ಐವತ್ತನ್ನು ಹತ್ತಕ್ಕೆ ಇಳಿಸಿತು. ರಾಷ್ಟ್ರಾಧ್ಯಕ್ಷರು ಮನಸ್ಸು ಮಾಡಿದರೆ ಮತ್ತೆ ಐದು ವರ್ಷ.

ಇದರಿಂದ ಅವರು ಪಾಠ ಕಲಿಯಲಿಲ್ಲವೇ? ಕಲಿತರು. 1864ರಲ್ಲಿ ಸರ್ಕಾರವು ಅವರನ್ನು ಶಾಂತಿದೂತರಾಗಿ ಕಳುಹಿಸಿದಾಗ, ದಂಡೆತ್ತಿ ಹೊರಟಿದ್ದ ಸೈನ್ಯದೊಡನೆ ಹೋಗಲು ಅವರು ಒಪ್ಪಲಿಲ್ಲ. ಬಂದೂಕಿನ ಮಗ್ಗುಲಲ್ಲಿ ನಿಂತು ಆಡುವ ಶಾಂತಿಯ ಮಾತಿಗೆ ಬೆಲೆಯಿಲ್ಲವೆಂದು ಅರಿತಿದ್ದರು. ತಮಗೆ ತಿಳಿದಿದ್ದ ಚಿನ್ನದ ನೆಲೆಗಳ ಗುಟ್ಟನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಚಿನ್ನದ ಸುದ್ದಿ ಹೊರಬಿದ್ದರೆ ಆ ನೆಲದ ಮಕ್ಕಳಿಗೆ ನೆಲವೇ ಉಳಿಯದೆಂದು ಅವರು ಬಲ್ಲವರಾಗಿದ್ದರು.

1868ರ ಜೂನ್ ತಿಂಗಳಲ್ಲಿ, ಅರುವತ್ತೇಳರ ವಯಸ್ಸಿನಲ್ಲಿ, ಕಿವಿ ಮಂದವಾಗಿ ಮೈ ಸೋತಿದ್ದ ಆ ವೃದ್ಧ ಗುರು ತಮ್ಮ ಬಾಳಿನ ಅತ್ಯಂತ ಅಪಾಯಕಾರಿ ಪಯಣವನ್ನು ಕೈಗೊಂಡರು. ಲಾಕೋಟ ಜನರ ಮಹಾನಾಯಕ ಸಿಟ್ಟಿಂಗ್ ಬುಲ್ ಯಾವ ಬಿಳಿಯನನ್ನೂ ಹತ್ತಿರ ಸೇರಿಸದ ಕಾಲವದು. ದೆ ಸ್ಮೆಟ್ ಸೈನಿಕರಿಲ್ಲದೆ, ಲಾಕೋಟ ಬೆಂಗಾವಲಿನವರೊಡನೆ, ಕನ್ಯಾಮಾತೆಯ ಚಿತ್ರವಿದ್ದ ಧ್ವಜವನ್ನು ಹಿಡಿಸಿಕೊಂಡು, ಯೆಲ್ಲೋಸ್ಟೋನ್ ನದಿಯ ಬಳಿಯ ಪಾಳೆಯವನ್ನು ಪ್ರವೇಶಿಸಿದರು. ಸಿಟ್ಟಿಂಗ್ ಬುಲ್ ಅವರನ್ನು ಗೌರವದಿಂದ ಸ್ವಾಗತಿಸಿ, ಪ್ರಾಣಕ್ಕೆ ಅಪಾಯ ತಟ್ಟದಂತೆ ರಕ್ಷಣೆ ನೀಡಿದನು. ತಾನು ಹೋಗದೆ, ತನ್ನ ಕಡೆಯಿಂದ ಗಾಲ್ ಮೊದಲಾದ ನಾಯಕರನ್ನು ಕಳುಹಿಸಿಕೊಟ್ಟನು. ಜುಲೈ 2ರಂದು ರೈಸ್ ಕೋಟೆಯಲ್ಲಿ ಅವರು ಒಪ್ಪಂದಕ್ಕೆ ಗುರುತು ಹಾಕಿದರು. ಪವಿತ್ರವೆಂದು ಲಾಕೋಟ ಜನರು ಆರಾಧಿಸುವ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಅವರಿಗೇ ಸೇರಿದವೆಂದು ಆ ಒಪ್ಪಂದದಲ್ಲಿ ಬರೆದಿತ್ತು.

1873ರ ಮೇ 23ರಂದು ದೆ ಸ್ಮೆಟ್ ಸೇಂಟ್ ಲೂಯಿಸಿನಲ್ಲಿ ದೈವಾಧೀನರಾದರು. ಜೀವಮಾನದಲ್ಲಿ ಅವರು ಕ್ರಮಿಸಿದ ದೂರವನ್ನು ಸುಮಾರು 1,80,000 ಮೈಲಿಗಳೆಂದು ಅಂದಾಜು ಮಾಡಲಾಗಿದೆ. ಮರುವರ್ಷವೇ, 1874ರಲ್ಲಿ, ಸೇನೆಯ ತಂಡವೊಂದು ಬ್ಲ್ಯಾಕ್ ಹಿಲ್ಸ್‌ನಲ್ಲಿ ಚಿನ್ನವನ್ನು ಕಂಡು ಜಗತ್ತಿಗೆ ಸಾರಿತು. 1876ರಲ್ಲಿ ಯುದ್ಧ, 1877ರಲ್ಲಿ ಬೆಟ್ಟಗಳು ಕೈತಪ್ಪಿದವು. 1980ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು. ಲಾಕೋಟ ಜನರು ಆ ಹಣವನ್ನು ಇಂದಿಗೂ ಮುಟ್ಟಿಲ್ಲ. ಅವರಿಗೆ ಬೇಕಾದುದು ಹಣವಲ್ಲ, ಬೆಟ್ಟ.

ಇಲ್ಲಿ ನಮ್ಮದೊಂದು ಸಣ್ಣ ಅನುಭವವನ್ನು ಹೇಳಿದರೆ ಓದುಗರು ಅನ್ಯಥಾ ಭಾವಿಸಬಾರದು. ನಮ್ಮ ಗುರುಸೇವೆಯ ಆರಂಭದ ವರ್ಷಗಳಲ್ಲಿ ಅಣ್ಣತಮ್ಮಂದಿರಿಬ್ಬರ ತೋಟದ ವ್ಯಾಜ್ಯವು ನಮ್ಮ ಮುಂದೆ ಬಂದಿತು. ಅಣ್ಣನು ಒಪ್ಪಿದ್ದಾನೆ, ನಿನ್ನ ಪಾಲಿಗೆ ಮೋಸವಾಗದು ಎಂದು ನಾವು ತಮ್ಮನಿಗೆ ಧೈರ್ಯ ಹೇಳಿದೆವು. ನಮ್ಮ ಮಾತನ್ನು ನಂಬಿ ಆತನು ಕಾಗದಕ್ಕೆ ಸಹಿ ಹಾಕಿದನು. ಅಣ್ಣನು ಮಾತಿಗೆ ತಪ್ಪಿದನು. ತಮ್ಮನು ಅಣ್ಣನ ಮನೆಯ ಬಾಗಿಲಿಗೆ ಹೋಗಲಿಲ್ಲ. ನಮ್ಮ ಬಾಗಿಲಿಗೆ ಬಂದನು. ಒಂದು ಮಾತನ್ನೂ ಆಡದೆ ಸ್ವಲ್ಪ ಹೊತ್ತು ನಿಂತು ಹೊರಟುಹೋದನು. ನಾವು ಸುಳ್ಳು ಹೇಳಿರಲಿಲ್ಲ. ಆದರೂ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ತನ್ನಲ್ಲಿಲ್ಲದುದನ್ನು ಯಾರೂ ಕೊಡಲಾರರು ಎಂಬ ಹಳೆಯ ಸೂತ್ರವನ್ನು ನಾವು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು. ಅದರ ಪೂರ್ಣಾರ್ಥ ನಮಗಾದದ್ದು ಆ ರಾತ್ರಿ. ದೆ ಸ್ಮೆಟ್ ಅವರ ಬಳಿ ಪ್ರೀತಿಯಿತ್ತು, ಧೈರ್ಯವಿತ್ತು, ಜನರ ನಂಬಿಕೆಯಿತ್ತು. ಸರ್ಕಾರದ ಸತ್ಯಸಂಧತೆ ಅವರ ಬಳಿ ಇರಲಿಲ್ಲ. ಅವರು ಕೊಟ್ಟುದು ತಮ್ಮದನ್ನೇ. ಆದರೆ ಜನರು ಪಡೆದೆವೆಂದು ತಿಳಿದುದು ಸರ್ಕಾರದ ಮಾತನ್ನು. ಅವರು ಸುಮ್ಮನಿದ್ದಿದ್ದರೆ ಇನ್ನೂ ಹೆಚ್ಚು ರಕ್ತ ಹರಿಯುತ್ತಿತ್ತೆಂಬುದೂ ನಿಜ. ಹಾಗೆಂದು ಅವರ ನಂಬಿಕಸ್ಥ ಮುಖವು ಇತರರ ಮೋಸಕ್ಕೆ ಮುಸುಕಾಯಿತೆಂಬುದನ್ನು ಅಲ್ಲಗಳೆಯಲಾಗದು. ಉದ್ದೇಶವು ಒಳ್ಳೆಯದಾಗಿತ್ತು ಎಂಬಷ್ಟರಿಂದ ಪರಿಣಾಮದ ಹೊಣೆ ಕಳಚಿಬೀಳುವುದಿಲ್ಲ. ಪರಿಣಾಮವು ಕೆಟ್ಟಿತು ಎಂಬಷ್ಟರಿಂದ ಉದ್ದೇಶವು ದೂಷಿತವೂ ಆಗುವುದಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದಿರುವುದು ಕಷ್ಟ. ಆದರೆ ಸತ್ಯ ಇರುವುದು ಅಲ್ಲಿಯೇ.

ಇಂದಿನ ಪೀಳಿಗೆಯವರು ಈ ಲೆಕ್ಕವನ್ನು ಮತ್ತೆ ತೆರೆದಿದ್ದಾರೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಆವರಣದಲ್ಲಿ, ಇಬ್ಬರು ಮೂಲನಿವಾಸಿಗಳ ಮುಂದೆ ಶಿಲುಬೆಯನ್ನೆತ್ತಿ ಹಿಡಿದಿದ್ದ ದೆ ಸ್ಮೆಟ್ ಅವರ ಪ್ರತಿಮೆಯನ್ನು 2015ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಕ್ಟುನಾಹ ನಾಡಿನಲ್ಲಿಯೇ, ಕ್ರಾನ್‌ಬ್ರೂಕ್ ಪಟ್ಟಣದ ಬಳಿ, ಸೇಂಟ್ ಯೂಜಿನ್ ಮಿಷನ್ನಿನಲ್ಲಿ 1912ರಿಂದ 1970ರವರೆಗೆ ವಸತಿಶಾಲೆಯೊಂದು ನಡೆಯಿತು. ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಿ, ಅವರ ಭಾಷೆ ಸಂಸ್ಕೃತಿಗಳನ್ನು ಅಳಿಸಿದ ಶಾಲೆಗಳಲ್ಲಿ ಅದೂ ಒಂದು. ಅದು ದೆ ಸ್ಮೆಟ್ ಅವರ ಮರಣಾನಂತರದ ಮಾತು. ಆದರೆ ನಮ್ಮ ಧರ್ಮಸಭೆಯ ಮಾತು. 2022ರ ಜುಲೈ 25ರಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು, ಗಾಲಿಕುರ್ಚಿಯಲ್ಲಿ ಕುಳಿತೇ ಸಂಚರಿಸಬೇಕಾಗಿದ್ದ ಸ್ಥಿತಿಯಲ್ಲಿಯೂ ಆಲ್ಬರ್ಟಾದ ಮಸ್ಕ್ವಾಚೀಸ್ ಎಂಬಲ್ಲಿಗೆ ಹೋಗಿ, ಮೂಲನಿವಾಸಿಗಳ ಮುಂದೆ ಕ್ಷಮೆ ಯಾಚಿಸಿದರು. ತಪ್ಪೊಪ್ಪಿಗೆಯ ಸಂಸ್ಕಾರವನ್ನು ಇತರರಿಗೆ ಬೋಧಿಸುವ ಸಭೆಯು ತಾನೇ ಮೊಣಕಾಲೂರಿದರೆ ಅದರಿಂದ ಸಭೆಯು ಕುಗ್ಗುವುದಿಲ್ಲವೆಂದು ನಾವು ನಂಬಿದ್ದೇವೆ.

ಓದುಗ ಬಂಧುಗಳೇ, ನಮ್ಮಲ್ಲಿ ಬಹುತೇಕರು ಒಂದಲ್ಲ ಒಂದು ದಿನ ಇಬ್ಬರ ನಡುವೆ ನಿಲ್ಲಬೇಕಾಗುತ್ತದೆ. ಮದುವೆಯ ಮಾತುಕತೆಯಲ್ಲಿ, ಸಾಲದ ಜಾಮೀನಿನಲ್ಲಿ, ಮುನಿಸಿಕೊಂಡ ಮನೆಗಳ ರಾಜಿಯಲ್ಲಿ ನಮ್ಮ ಮಾತನ್ನು ನಂಬಿ ಯಾರೋ ಹೆಜ್ಜೆಯಿಡುತ್ತಾರೆ. ಆ ಜಾಗವನ್ನು ಬಿಟ್ಟು ಓಡುವುದು ಕ್ರೈಸ್ತನ ಲಕ್ಷಣವಲ್ಲ. ಆದರೆ ಅಲ್ಲಿ ನಿಲ್ಲುವ ಮೊದಲು, ಬಲಿಷ್ಠನು ತಪ್ಪಿದ ದಿನ ದುರ್ಬಲನ ಮಗ್ಗುಲಲ್ಲಿ ನಿಲ್ಲಲು ನಾವು ಸಿದ್ಧರಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಅಷ್ಟು ಸಿದ್ಧತೆಯಿಲ್ಲದಿದ್ದರೆ ಮೌನವೇ ಲೇಸು. ನಾವು ಆ ತಮ್ಮನ ಪರವಾಗಿ ಸಾಕ್ಷಿ ಹೇಳಲು ಹೋದೆವು, ತಡವಾಗಿ ಹೋದೆವು.

ಕೊಲಂಬಿಯಾ ಸರೋವರದ ದಡದಲ್ಲಿ ಕೂಡಲಾರದೆ ಬೇರ್ಪಟ್ಟ ನೀರು, ದೇವರು ನೇಮಿಸಿದ ದೂರದ ತಾಣದಲ್ಲಿ ಒಂದಾಗುತ್ತದೆ. ಅವಸರದಿಂದ ತೋಡಿದ ಕಾಲುವೆಯಿಂದ ಅದು ಆಗಲಿಲ್ಲ. ಮನುಷ್ಯರ ಸಮಾಧಾನಕ್ಕೂ ಬಹುಶಃ ಅಂತಹುದೇ ದೀರ್ಘವಾದ ದಾರಿಯಿದೆ. ಆ ದಾರಿಯಲ್ಲಿ ಒಂದು ಶಿಲುಬೆಯನ್ನು ನೆಟ್ಟು ಮುಂದೆ ಸಾಗಿದ ಆ ಹಿರಿಯ ಗುರುವಿನ ಆತ್ಮಕ್ಕೂ, ಅವರ ಮಾತನ್ನು ನಂಬಿ ನೊಂದವರಿಗೂ ದೇವರು ಶಾಂತಿಯನ್ನು ಕರುಣಿಸಲಿ.